ಅದು ಯಾವ ಷುಗರ್ ಅಂತ ಕೇಳಿ

ಬೆಳಿಗ್ಗೆ ಆರೂವರೆಗೆ ನಮ್ಮ ಲ್ಯಾಬಿನ ಶಟರ್ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ನಾಲ್ಕೈದು ಜನ ಕೂತಿರುತ್ತಾರೆ. ಖಾಲಿ ಹೊಟ್ಟೆ, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ, ಕೆಲವರ ಪಕ್ಕದಲ್ಲಿ ಟಿಫನ್ ಬಾಕ್ಸು. ಒಂದು ಸಲ ರಕ್ತ ಕೊಟ್ಟು, ಅಲ್ಲೇ ಕೂತು ತಿಂಡಿ ತಿಂದು, ಎರಡು ಗಂಟೆ ಕಾದು ಮತ್ತೆ ಕೊಟ್ಟು ಹೋಗುವವರು. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಈ ಸಾಲು ಇನ್ನೂ ಉದ್ದವಾಗುತ್ತದೆ. ಮಾರ್ಕೆಟ್ಟಿಗೆ ಬಂದವರು "ಹಂಗೇ ಷುಗರ್ ಒಂದು ನೋಡ್ಬಿಡಿ ಮೇಡಂ" ಅಂತ ತೋಳು ಮೇಲೆ ಸರಿಸುತ್ತಾರೆ.

ಈ ಊರಲ್ಲಿ ನಾನು ಸೂಜಿ ಹಿಡಿದು 26 ವರ್ಷವಾಯಿತು. 1999ರಲ್ಲಿ ಕೆಲಸಕ್ಕೆ ಸೇರಿದಾಗ ಮೂತ್ರದಲ್ಲಿ ಸಕ್ಕರೆ ನೋಡಲು ಬೆನೆಡಿಕ್ಟ್ ದ್ರಾವಣ ಬಳಸುತ್ತಿದ್ದೆವು. ಐದು ಮಿಲಿ ನೀಲಿ ದ್ರಾವಣ, ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಎರಡು ನಿಮಿಷ ಕುದಿ. ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಒಂದು ಪ್ಲಸ್, ಹಳದಿಯಾದರೆ ಎರಡು, ಕಿತ್ತಳೆಯಾದರೆ ಮೂರು, ಇಟ್ಟಿಗೆ ಕೆಂಪಾದರೆ ನಾಲ್ಕು. ಟ್ಯೂಬಿನ ತಳದಲ್ಲಿ ಆ ಕೆಂಪು ಮಣ್ಣಿನ ಹಾಗೆ ಕೂರುವುದನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತಿತ್ತು. ಈಗ ರಕ್ತದಲ್ಲೇ ನೋಡುತ್ತೇವೆ. ಬೂದು ಮುಚ್ಚಳದ ಟ್ಯೂಬು, ಅದರೊಳಗೆ ಚಿಟಿಕೆಯಷ್ಟು ಸೋಡಿಯಂ ಫ್ಲೋರೈಡ್. ಅದಿಲ್ಲದೆ ಹೋದರೆ ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ಖರ್ಚು ಮಾಡುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ ಐದಾರು ಪಾಲು ಇಳಿದುಬಿಡುತ್ತದೆ. ಪ್ಲಾಸ್ಮಾ ಬೇರ್ಪಡಿಸಿ ರೀಏಜೆಂಟ್ ಹಾಕಿ 37 ಡಿಗ್ರಿಯಲ್ಲಿ ಇಟ್ಟರೆ ಹತ್ತು ಹದಿನೈದು ನಿಮಿಷಕ್ಕೆ ಗುಲಾಬಿ ಬಣ್ಣ ಏರುತ್ತದೆ. ಸಕ್ಕರೆ ಹೆಚ್ಚಿದಷ್ಟೂ ಗುಲಾಬಿ ಗಾಢ.

ಬಣ್ಣ ನೋಡಿ ಸಕ್ಕರೆ ಎಷ್ಟಿದೆ ಅಂತ ಹೇಳಬಲ್ಲೆ. ಯಾಕೆ ಅಷ್ಟಿದೆ ಅಂತ ಆ ಬಣ್ಣದಿಂದ ತಿಳಿಯುವುದಿಲ್ಲ. ನನ್ನ ಮನೆಯಲ್ಲೇ ಮೂರು ಜನರ ರಕ್ತದಲ್ಲಿ ಆ ಗುಲಾಬಿ ಏರಿದ್ದನ್ನು ಕಂಡಿದ್ದೇನೆ. ಮೂರಕ್ಕೂ ಜನ 'ಷುಗರ್' ಅಂತ ಒಂದೇ ಹೆಸರು ಹೇಳಿದರು. ಮೂರೂ ಬೇರೆ ಬೇರೆ ಕಾಯಿಲೆ. ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ತಂಗಿಯ ಮಗನ ವಿಷಯ. 2016ರ ಮಳೆಗಾಲ. ಅವನಿಗೆ ಒಂಬತ್ತು ವರ್ಷ. ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿ. ಮೂರು ವಾರದಿಂದ ಹಾಸಿಗೆ ಒದ್ದೆ ಮಾಡುತ್ತಿದ್ದ. ಐದು ವರ್ಷಕ್ಕೇ ಬಿಟ್ಟುಹೋಗಿದ್ದ ಅಭ್ಯಾಸ ಮತ್ತೆ ಬಂದಿದೆ ಅಂತ ಮನೆಯವರು ಗದರಿದ್ದರು. ರಾತ್ರಿ ಎದ್ದು ಹಂಡೆಗೇ ಬಾಯಿಟ್ಟು ನೀರು ಕುಡಿಯುತ್ತಿದ್ದನಂತೆ. ಶಾಲೆಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗುತ್ತಾನೆ ಅಂತ ಹೊರಗೆ ಬಿಡುವುದನ್ನೇ ನಿಲ್ಲಿಸಿದ್ದರು. ಊಟ ಮಾಡುತ್ತಿದ್ದ, ಆದರೂ ಚಡ್ಡಿ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಜಂತುಹುಳು ಅಂತ ಮಾತ್ರೆ ಕೊಟ್ಟರು. ದೃಷ್ಟಿ ಅಂತ ಮೆಣಸಿನಕಾಯಿ ಇಳಿ ತೆಗೆದರು. ವಾಂತಿ ಶುರುವಾದಾಗ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸುಸ್ತಿಗೆ ಅಂತ ಗ್ಲೂಕೋಸ್ ಪುಡಿ ಬರೆದುಕೊಟ್ಟರು. ತಂಗಿ ಎರಡು ದಿನ ಅದನ್ನೇ ನೀರಿಗೆ ಕಲಸಿ ಕಲಸಿ ಕುಡಿಸಿದಳು.

ಮೂರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಹತ್ತಿರ ಕರೆತಂದಳು. ಹುಡುಗ ಅವಳ ಹೆಗಲ ಮೇಲೆ ಒರಗಿದ್ದ. ಉಸಿರು ಆಳವಾಗಿ, ಜೋರಾಗಿ, ಓಡಿ ಬಂದವರ ಹಾಗೆ. ಬಾಯಿಂದ ಹಣ್ಣು ಕೊಳೆತಂಥ ಸಿಹಿ ವಾಸನೆ. ನನಗೆ ಕೈ ನಡುಗಿತು. ಮೂತ್ರದ ಸ್ಟ್ರಿಪ್ಪು ಅದ್ದಿ ತೆಗೆದೆ. ಸಕ್ಕರೆಯ ಚೌಕ ಕಂದು, ಕೀಟೋನ್ ಚೌಕ ಕಡು ನೇರಳೆ. ರಕ್ತದಲ್ಲಿ ಸಕ್ಕರೆ 486. ಸಲಹೆ ಕೇಳುತ್ತಾ ಕೂರುವ ಹೊತ್ತಲ್ಲ ಅದು. ಆಂಬುಲೆನ್ಸ್ ಹಿಡಿದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಐಸಿಯುನಲ್ಲಿ ಸಲೈನು, ಹನಿ ಹನಿಯಾಗಿ ಇನ್ಸುಲಿನ್, ಗಂಟೆಗೊಮ್ಮೆ ಪರೀಕ್ಷೆ. ಎರಡನೆಯ ದಿನ ಸಂಜೆ ಕಣ್ಣು ಬಿಟ್ಟು "ದೊಡ್ಡಮ್ಮ, ಬಸ್ಸು ಎಲ್ಲಿಗೆ ಬಂತು" ಅಂದ.

ಇದು ಟೈಪ್ 1. ನಮ್ಮ ಎಪಿಎಂಸಿ ಯಾರ್ಡಿನ ಮಾತಲ್ಲಿ ಹೇಳುತ್ತೇನೆ, ನನಗೂ ಹಾಗೇ ಅರ್ಥವಾಗಿದ್ದು. ಉಂಡ ಅನ್ನ, ಮುದ್ದೆ ಎಲ್ಲ ಕರುಳಲ್ಲಿ ಕರಗಿ ಗ್ಲೂಕೋಸಾಗಿ ರಕ್ತಕ್ಕೆ ಬರುತ್ತದೆ. ಲಾರಿಯಲ್ಲಿ ಕೊಬ್ಬರಿ ಮೂಟೆ ಬಂದು ರಸ್ತೆಯಲ್ಲಿ ನಿಂತ ಹಾಗೆ. ಅದನ್ನು ಇಳಿಸಿ ಗೋಡೌನಿನೊಳಗೆ ಸೇರಿಸುವ ಹಮಾಲಿ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜ್ಜೀರಕ ಗ್ರಂಥಿಯೊಳಗೆ ಬೀಟಾ ಕಣಗಳಿವೆ. ಹಮಾಲಿಗಳನ್ನು ಕಳಿಸುವುದು ಅವು. ಟೈಪ್ 1ರಲ್ಲಿ ರೋಗಾಣು ಹೊಡೆಯಬೇಕಾದ ನಮ್ಮದೇ ದೇಹದ ಪಡೆ ತಪ್ಪು ತಿಳಿದು ಆ ಬೀಟಾ ಕಣಗಳನ್ನೇ ಹೊಡೆದುಹಾಕುತ್ತದೆ. ಯಾರ್ಡಿಗೆ ಹಮಾಲಿಗಳೇ ಇಲ್ಲ. ರಸ್ತೆ ತುಂಬ ಲಾರಿ ನಿಂತಿದ್ದರೂ ಗೋಡೌನು ಖಾಲಿ. ದೇಹ ಬೇರೆ ದಾರಿಯಿಲ್ಲದೆ ಕೊಬ್ಬನ್ನು ಸುಡುತ್ತದೆ, ಅದರ ಹೊಗೆಯೇ ಕೀಟೋನು, ಅದು ರಕ್ತವನ್ನು ಹುಳಿಯಾಗಿಸುತ್ತದೆ. ಆ ಸಿಹಿ ವಾಸನೆ, ಆ ಓಡುವ ಉಸಿರು ಅದರಿಂದಲೇ.

ಇದಕ್ಕೆ ಕಾರಣ ಸಿಹಿ ತಿಂದದ್ದಲ್ಲ. ತಾಯಿ ಬಸುರಿಯಲ್ಲಿ ಏನೋ ತಪ್ಪು ಮಾಡಿದ್ದೂ ಅಲ್ಲ. ಹುಟ್ಟಿನಿಂದ ಬಂದ ಜೀನುಗಳ ಒಲವು ಒಂದಿಷ್ಟಿರುತ್ತದೆ. ಅದರ ಮೇಲೆ ಯಾವುದೋ ವೈರಸ್ ಸೋಂಕಿನಂಥದ್ದು ಕಿಡಿ ಹೊತ್ತಿಸಿರಬಹುದು ಅಂತ ತಜ್ಞರು ಹೇಳುತ್ತಾರೆ. ಈ ಕಾಯಿಲೆ ಬರುವ ಬಹುಪಾಲು ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಇದು ಇರುವುದಿಲ್ಲ. ಆದರೂ ನಮ್ಮ ತಂಗಿ ಕೇಳಿದ ಮಾತುಗಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಎಲ್ಲರೆದುರಿಗೆ "ಚಾಕ್ಲೇಟು ತಿನ್ಸಿ ತಿನ್ಸಿ ಮಗೂನ ಹಾಳು ಮಾಡಿದ್ಳು" ಅಂದರು. ಅವಳು ಎಲೆಯ ಮುಂದಿಂದ ಎದ್ದು ಹೋದಳು. ಆ ವರ್ಷವೇ ಯಾರದೋ ಮಾತು ಕೇಳಿ, ಮೂರು ತಿಂಗಳು ಕಷಾಯ ಕುಡಿದರೆ ಇಂಜೆಕ್ಷನ್ ಬಿಡಬಹುದು ಅಂತ ನಂಬಿ, ಎರಡು ದಿನ ಇನ್ಸುಲಿನ್ ನಿಲ್ಲಿಸಿದ್ದಳು. ಮತ್ತೆ ವಾಂತಿ, ಮತ್ತೆ ಆಸ್ಪತ್ರೆ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿನಕ್ಕೆ ನಾಲ್ಕು ಸಲ ಮಗನ ಹೊಟ್ಟೆಗೆ ಸೂಜಿ ಚುಚ್ಚುವ ಯಾವ ತಾಯಿಗಾದರೂ ಇದು ತಪ್ಪಲಿ ಅನ್ನಿಸುವುದಿಲ್ಲವೇ? ನನ್ನ ಸಿಟ್ಟೆಲ್ಲ ಆ ಕಷಾಯ ಮಾರುವವರ ಮೇಲೆ. ಹಾಗಲಕಾಯಿ, ಮೆಂತ್ಯ, ಅಮೃತಬಳ್ಳಿ ಯಾವುದೂ ಸತ್ತುಹೋದ ಬೀಟಾ ಕಣವನ್ನು ಬದುಕಿಸುವುದಿಲ್ಲ. ಟೈಪ್ 1ರ ಮಗುವಿಗೆ ಇನ್ಸುಲಿನ್ ಅಂದರೆ ಅನ್ನ ನೀರಿನ ಹಾಗೆ.

ಇನ್ಸುಲಿನ್ ಬರುವ ಮುಂಚೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದಷ್ಟು ತಿಂಗಳು ಜೀವ ಹಿಡಿಸುತ್ತಿದ್ದರು, ಅಷ್ಟೇ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಕೊಟ್ಟರು. ಎಲುಬಿನ ಹಂದರವಾಗಿದ್ದ ಆ ಹುಡುಗ ಇನ್ನೂ 13 ವರ್ಷ ಬದುಕಿದ. ಪೇಟೆಂಟನ್ನು ಸಂಶೋಧಕರು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ. ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ ಬಹಳ ಖುಷಿಪಟ್ಟ.

ಟೈಪ್ 1 ಬರದಂತೆ ತಡೆಯುವ ಪಥ್ಯ, ವ್ಯಾಯಾಮ ಇಲ್ಲ. ಬರುವುದು ಖಚಿತ ಅಂತ ರಕ್ತಪರೀಕ್ಷೆಯಲ್ಲಿ ಮೊದಲೇ ಗೊತ್ತಾದವರಿಗೆ ಅದನ್ನು ಸರಾಸರಿ ಎರಡು ವರ್ಷ ಮುಂದಕ್ಕೆ ದೂಡುವ ಟೆಪ್ಲಿಜುಮ್ಯಾಬ್ ಅನ್ನುವ ಔಷಧಿಗೆ 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಹಳ್ಳಿಯ ಮನೆಗಳಿಗೆ ಅದು ದೂರದ ಮಾತು. ನಮ್ಮ ಕೈಯಲ್ಲಿ ಇರುವುದು ತಡವಾಗದಂತೆ ನೋಡಿಕೊಳ್ಳುವುದು. ಮಗು ವಿಪರೀತ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ, ಉಂಡರೂ ಇಳಿಯುತ್ತಿದೆ, ಸದಾ ಸುಸ್ತು ಅಂದರೆ ಅವತ್ತೇ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿಸಿ. ನಾಳೆ ಅನ್ನಬೇಡಿ. ವಾಂತಿ, ಹೊಟ್ಟೆನೋವು, ಜೋರು ಉಸಿರು ಸೇರಿದರೆ ಸೀದಾ ಆಸ್ಪತ್ರೆಗೆ.

ತಂಗಿಯ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸಿ, ಒಳಗಿನ ಮಡಕೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಇನ್ಸುಲಿನ್ ಹಾಕಿ ಇಡುತ್ತಿದ್ದಳು. ಒಲೆಯಿಂದ ದೂರ, ದೇವರಮನೆಯ ಮೂಲೆಯಲ್ಲಿ. ಬಳಕೆಗೆ ತೆಗೆದ ಬಾಟಲಿಯ ಮೇಲೆ ತಾರೀಕು ಬರೆದು 28 ದಿನಕ್ಕೆ ಬದಲಿಸುತ್ತಿದ್ದಳು. ಏಳನೇ ಕ್ಲಾಸು ಓದಿದವಳು. ಯಾವ ನರ್ಸಿಗೂ ಕಡಿಮೆಯಿಲ್ಲದ ಹಾಗೆ ಲೆಕ್ಕ ಇಟ್ಟಿದ್ದಾಳೆ. ಹುಡುಗನ ಚೀಲದಲ್ಲಿ ಯಾವಾಗಲೂ ಒಂದು ಪೊಟ್ಟಣ ಸಕ್ಕರೆ. ಷುಗರ್ 70ರ ಕೆಳಗಿಳಿದು ಕೈ ನಡುಗಿ ಬೆವರಿದರೆ ಮೂರು ಚಮಚ ಬಾಯಿಗೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಷುಗರ್ ಇರುವ ಮಗನ ಚೀಲದಲ್ಲಿ ಸಕ್ಕರೆ ಯಾಕೆ ಅಂತ ಕೇಳಿದವರಿಗೆ ಅವನೇ ವಿವರಿಸಿ ಹೇಳುತ್ತಿದ್ದ. ಈಗ ಅವನಿಗೆ ಹದಿನೆಂಟು. ಡಿಪ್ಲೊಮಾ ಓದುತ್ತಿದ್ದಾನೆ, ವಾಲಿಬಾಲ್ ಆಡುತ್ತಾನೆ.

ಇನ್ನು ಅಮ್ಮನದು. ಅಮ್ಮ ಸಿಹಿ ಮುಟ್ಟಿದವಳಲ್ಲ. ಒಬ್ಬಟ್ಟು ಮಾಡಿದ ದಿನವೂ ಅವಳಿಗೆ ಸಾರೇ ಬೇಕು. ತೂಕ 46 ಕೇಜಿ. 2004ರಲ್ಲಿ ಕಾಲಿನ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ ಅಂತ ನಾನೇ ರಕ್ತ ತೆಗೆದೆ. ಫಾಸ್ಟಿಂಗ್ 188. ರಿಪೋರ್ಟು ಹಿಡಿದು ಅಮ್ಮ ಅಂದ ಮಾತು: "ನಂಗ್ಯಾಕೆ ಬಂತು? ನಾನೇನು ದಪ್ಪ ಇದೀನಾ?"

ಆ ಪ್ರಶ್ನೆಗೆ ಉತ್ತರ ಅದೇ ವರ್ಷ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು ಅಂತ ನನಗೆ ತಿಳಿದದ್ದು ಬಹಳ ತಡವಾಗಿ, ಒಂದು ತರಬೇತಿಯಲ್ಲಿ. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಜಾನ್ ಯೂಡ್ಕಿನ್ ಅಕ್ಕಪಕ್ಕ ನಿಂತ ಫೋಟೋ. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ಸ್ಕ್ಯಾನ್ ಮಾಡಿ ನೋಡಿದರೆ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಪುಣೆಯವರ ಮೈಯಲ್ಲಿ 21.2. ನಮ್ಮವರು ತೆಳ್ಳಗೆ ಕಂಡರೂ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ಹೊಟ್ಟೆಯೊಳಗೆ, ಪಿತ್ತಜನಕಾಂಗದ ಸುತ್ತ. ಅದಕ್ಕೇ ನಮಗೆ ಸೂಚ್ಯಂಕ 23 ದಾಟಿದರೇ ಎಚ್ಚರ ಅನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಅಮ್ಮನ ಸೊಂಟಕ್ಕೆ ಟೇಪು ಹಿಡಿದಾಗ 84 ಇತ್ತು. ಸೀರೆಯ ನೆರಿಗೆಯಲ್ಲಿ ಅದು ಯಾರಿಗೂ ಕಂಡಿರಲಿಲ್ಲ.

ಟೈಪ್ 2ರಲ್ಲಿ ಹಮಾಲಿಗಳಿದ್ದಾರೆ. ಗೋಡೌನಿನ ಬಾಗಿಲೇ ತೆರೆಯುವುದಿಲ್ಲ. ಒಳಗೆ ಕೊಬ್ಬು ತುಂಬಿಕೊಂಡು ಮಾಂಸಖಂಡ, ಪಿತ್ತಜನಕಾಂಗ ಎರಡೂ ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಟ್ಟಿರುತ್ತವೆ. ಒಬ್ಬ ಮಾಡುವ ಕೆಲಸಕ್ಕೆ ಮೂವರು ಹಮಾಲಿ ಬೇಕಾಗುತ್ತದೆ. ಬೀಟಾ ಕಣಗಳು ವರ್ಷಗಟ್ಟಲೆ ಎರಡೆರಡು ಪಾಳಿ ದುಡಿದು ಕೊನೆಗೆ ಸೋಲುತ್ತವೆ. ರಿಪೋರ್ಟಿನಲ್ಲಿ ಕೆಂಪು ಗೆರೆ ಬೀಳುವ ಹೊತ್ತಿಗೆ ಈ ಸೋಲು ಶುರುವಾಗಿ ಎಷ್ಟೋ ವರ್ಷವಾಗಿರುತ್ತದೆ.

"ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೆಂಗೆ ಜಾಸ್ತಿ ಬರುತ್ತೆ?" ಇದು ಮೆಟ್ಟಿಲ ಮೇಲೆ ನಾನು ದಿನಾ ಕೇಳುವ ಪ್ರಶ್ನೆ. ಪಿತ್ತಜನಕಾಂಗ ಸಕ್ಕರೆಯ ಕಣಜ. ನಾವು ಮಲಗಿದಾಗ ಅದು ಸ್ವಲ್ಪ ಸ್ವಲ್ಪವೇ ಸಕ್ಕರೆ ಬಿಡುತ್ತಿರುತ್ತದೆ. ಸಾಕು ನಿಲ್ಲಿಸು ಅಂತ ಹೇಳುವುದೂ ಇನ್ಸುಲಿನ್ನೇ. ಕೊಬ್ಬು ಕಟ್ಟಿದ ಪಿತ್ತಜನಕಾಂಗಕ್ಕೆ ಆ ಮಾತು ಕೇಳಿಸುವುದಿಲ್ಲ, ರಾತ್ರಿಯಿಡೀ ಸುರಿಯುತ್ತಲೇ ಇರುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಅಂತ ಬಂದಿದ್ದನ್ನು ಜನ ಸಾಮಾನ್ಯ ಅಂತ ಮಡಚಿಡುತ್ತಾರೆ. ನನ್ನ ಕಣ್ಣಿಗೆ ಅದು ಮುಂದೆ ಬರುವ ಷುಗರಿನ ಕಾಗದ.

ಅಮ್ಮನ ವಿಷಯದಲ್ಲಿ ಆದದ್ದೇನು ಅಂದರೆ, ಐವತ್ತರವರೆಗೆ ಹೊಲದ ಕೆಲಸ. ಕಳೆ ತೆಗೆಯೋದು, ರಾಗಿ ಕೊಯ್ಲು, ದನಕ್ಕೆ ಹುಲ್ಲಿನ ಹೊರೆ, ಬಾವಿಯಿಂದ ನೀರು. ಆಗ ಎರಡು ಮುದ್ದೆ, ಮೇಲೆ ಅನ್ನ. ನನ್ನ ಮದುವೆಯಾದ ಮೇಲೆ ತಿಪಟೂರಿಗೆ ಬಂದಳು. ನಲ್ಲಿ, ಗ್ಯಾಸು, ಮಿಕ್ಸಿ, ಟಿವಿ. ಮುದ್ದೆ ಎರಡೇ ಉಳಿಯಿತು, ಅನ್ನವೂ ಉಳಿಯಿತು, ಕೆಲಸ ಹೋಯಿತು. ಉಂಡ ಮೇಲೆ ಇನ್ಸುಲಿನ್ ಎತ್ತಿಡುವ ಸಕ್ಕರೆಯ ಬಹುಪಾಲು ಹೋಗುವುದು ಮಾಂಸಖಂಡಕ್ಕೆ. ದುಡಿಯದ ಮಾಂಸಖಂಡ ತುಂಬಿದ ಗೋಡೌನಿದ್ದ ಹಾಗೆ, ಜಾಗವೇ ಇಲ್ಲ.

ಇಲ್ಲಿ ರಾಗಿಯ ಬಗ್ಗೆ ಒಂದು ಮಾತು. ನಮ್ಮ ಕಡೆಯವಳಾಗಿ ಇದನ್ನು ಹೇಳಲು ನೋವಾಗುತ್ತದೆ. "ಮುದ್ದೆ ಉಣ್ಣೋರಿಗೆ ಷುಗರ್ ಬರಲ್ಲ" ಅನ್ನುವುದು ನಿಜವಲ್ಲ. ರಾಗಿ ಒಳ್ಳೆಯ ಧಾನ್ಯ, ನಾರು, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಹೆಚ್ಚು. ಆದರೆ ಅದರಲ್ಲೂ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಅದನ್ನು ಮಿಲ್ಲಿನಲ್ಲಿ ಸಣ್ಣಗೆ ಬೀಸಿ, ಜರಡಿ ಹಿಡಿದು, ಬೇಯಿಸಿ, ತಿರುವಿ ನುಣ್ಣಗೆ ಮಾಡಿ, ಅಗಿಯದೆ ನುಂಗಿದರೆ ಸಕ್ಕರೆಯಾಗಲು ತಡವಾಗುವುದಿಲ್ಲ. ಗಂಜಿ, ಅಂಬಲಿ ಅಂದರೆ ಇನ್ನೂ ಬೇಗ. ಅಮ್ಮ ಈಗ ತೆಂಗಿನಕಾಯಿ ಗಾತ್ರದ ಮುದ್ದೆ ಬಿಟ್ಟು ನಿಂಬೆಹಣ್ಣಿಗಿಂತ ತುಸು ದೊಡ್ಡದು ಒಂದು ತಿನ್ನುತ್ತಾಳೆ. ಅದಕ್ಕೆ ಬಸ್ಸಾರು, ಆ ಬಸ್ಸಾರಿನ ಪಲ್ಯ ತಟ್ಟೆಯ ಅರ್ಧ. ಮೊದಲು ಪಲ್ಯ, ಕಾಳು, ಮುದ್ದೆ ಆಮೇಲೆ. ಉಂಡ ಮೇಲೆ ಮಂಚಕ್ಕೆ ಹೋಗದೆ ಹಿತ್ತಲಲ್ಲಿ ಹತ್ತು ಹದಿನೈದು ನಿಮಿಷ ಓಡಾಟ. ಈ ನಾಲ್ಕು ಬದಲಾವಣೆಯಿಂದ ಊಟದ ನಂತರದ ಅವಳ ಷುಗರ್ 260ರಿಂದ 190ಕ್ಕೆ ಇಳಿದಿದ್ದನ್ನು ನನ್ನ ಕೈಯಾರೆ ನೋಡಿದ್ದೇನೆ. ಮಾತ್ರೆ ಇದ್ದೇ ಇದೆ. ಮಾತ್ರೆ ತಗೊಳ್ಳುವುದು ಸೋಲು ಅಂತ ಅವಳೂ ತಿಳಿದಿಲ್ಲ, ನಾನೂ ತಿಳಿದಿಲ್ಲ.

ಮೂರನೆಯವಳು ನಾನು. 2009ರಲ್ಲಿ ಎರಡನೆಯ ಬಸುರಿ, ಆರನೇ ತಿಂಗಳು. ಡಾಕ್ಟರು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿ ಅಂದರು. ನನ್ನ ರಕ್ತವನ್ನು ನಾನೇ ಮೆಷಿನ್ನಿಗೆ ಹಾಕಿದೆ. 162. ಗಡಿ 140. ಬಸುರಿಯಲ್ಲಿ ಮಾಸು ಬಿಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನನ್ನು ಬೇಕೆಂದೇ ಮಂಕಾಗಿಸುತ್ತವೆ, ಮಗುವಿಗೆ ಸಕ್ಕರೆ ಧಾರಾಳ ಸಿಗಲಿ ಅಂತ. ಹೆಚ್ಚಿನ ತಾಯಂದಿರ ಬೀಟಾ ಕಣ ಆ ಹೊರೆ ಹೊರುತ್ತದೆ. ನನ್ನದು ಹೊರಲಿಲ್ಲ. ತಾಯಿಗೆ ಷುಗರ್ ಇದೆ, ನನಗೂ ಮೂವತ್ತು ದಾಟಿತ್ತು, ಮೊದಲ ಹೆರಿಗೆಯ ತೂಕ ಇಳಿದಿರಲಿಲ್ಲ. ತಾಯಿಯ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮಗುವಿನ ಪುಟ್ಟ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಮಾಡುತ್ತದೆ, ಮಗು ದಪ್ಪವಾಗುತ್ತದೆ. ನನ್ನ ಮಗಳು ಹುಟ್ಟಿದಾಗ 3.9 ಕೇಜಿ. ಎಲ್ಲರೂ "ಎಂಥ ದುಂಡು ಮಗು" ಅಂತ ದೃಷ್ಟಿ ತೆಗೆದರು. ನಾನು ಮಾತ್ರ ಅವಳ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಷುಗರ್ ಇಳಿದಿದೆಯೇ ಅಂತ ನೋಡುತ್ತಾ, ಗಂಟೆಗೊಮ್ಮೆ ಎದೆಗೆ ಹಾಕಿಕೊಳ್ಳುತ್ತಾ ಕೂತಿದ್ದೆ.

ಆ ದುಂಡು ಮಗುವಿನ ವಿಷಯ ನಮ್ಮ ಮೈಸೂರಿಗೂ ಸೇರಿದ್ದು. ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ಜನ ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಲೆಡ್ಜರಿನಲ್ಲಿ ಬರೆದಿಟ್ಟಿದ್ದರು. ಅರವತ್ತು ವರ್ಷ ಕಳೆದ ಮೇಲೆ ಸಂಶೋಧಕರು ಆ ಮಕ್ಕಳನ್ನು, ಆ ಹೊತ್ತಿಗೆ ಅಜ್ಜ ಅಜ್ಜಿಯಾದವರನ್ನು, ಮನೆಮನೆಗೆ ಹೋಗಿ ಹುಡುಕಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದ ಮಕ್ಕಳಿಗೆ ಮುಂದೆ ಷುಗರ್ ಹೆಚ್ಚು ಅಂತ ಕಂಡಿತ್ತು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡಗೆ ದುಂಡಗೆ ಇದ್ದವರಿಗೆ, ತೂಕದ ತಾಯಂದಿರ ಮಕ್ಕಳಿಗೆ ಷುಗರ್ ಹೆಚ್ಚು ಕಂಡಿತು. ಆ ತಾಯಂದಿರಿಗೆ ಬಸುರಿಯಲ್ಲಿ ಯಾರೂ ಗುರುತಿಸದ ಷುಗರ್ ಇದ್ದಿರಬೇಕು ಅನ್ನುವ ಗುಮಾನಿ ಬಂತು. 1997ರಿಂದ ಅದೇ ಆಸ್ಪತ್ರೆಯಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರನ್ನು, ಆಮೇಲೆ ಅವರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಬಸುರಿಯಲ್ಲಿ ಷುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಇನ್ನೊಂದು ಸಂಗತಿ: ಆ ತಾಯಂದಿರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನಕ್ಕೆ ಬಿ12 ವಿಟಮಿನ್ನಿನ ಕೊರತೆಯಿತ್ತು, ಕೊರತೆ ಇದ್ದವರಲ್ಲಿ ಬಸುರಿಯ ಷುಗರೂ ಹೆಚ್ಚಾಗಿ ಕಂಡಿತು.

ಹೆರಿಗೆಯಾಗಿ ಆರು ವಾರಕ್ಕೆ ನನ್ನ ರಿಪೋರ್ಟು ನಾರ್ಮಲ್ ಬಂತು. ಎಲ್ಲರ ಹಾಗೆ ನಾನೂ ಮುಗಿಯಿತು ಅಂದುಕೊಂಡೆ. ದಿನಕ್ಕೆ ನಲವತ್ತು ಜನರ ಷುಗರ್ ನೋಡುವವಳು ಎಂಟು ವರ್ಷ ನನ್ನದನ್ನು ನೋಡಲಿಲ್ಲ. ಬಸುರಿಯಲ್ಲಿ ಷುಗರ್ ಬಂದವರಿಗೆ ಮುಂದೆ ಟೈಪ್ 2 ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಅಂತ ಗೊತ್ತಿದ್ದೂ ನೋಡಲಿಲ್ಲ. 2017ರಲ್ಲಿ ಹೊಸ ಮೆಷಿನ್ ಬಂದಾಗ ಸರಿಯಾಗಿ ಓದುತ್ತದಾ ಅಂತ ನನ್ನ ರಕ್ತವನ್ನೇ ಹಾಕಿದೆ. ಎಚ್‌ಬಿಎ1ಸಿ 6.2. ಇದು ಮೂರು ತಿಂಗಳ ಷುಗರಿನ ಸರಾಸರಿ. 5.7ರ ಕೆಳಗೆ ಸರಿ, 6.5 ಆದರೆ ಷುಗರ್, ನಡುವೆ ಇದ್ದರೆ ಜನ 'ಬಾರ್ಡರ್‌ಲೈನ್' ಅನ್ನುತ್ತಾರೆ. ರಕ್ತಹೀನತೆ ಇದ್ದರೆ ಈ ಲೆಕ್ಕ ತಪ್ಪಬಹುದು, ಅದಕ್ಕೆ ನಾನು ಹಿಮೋಗ್ಲೋಬಿನ್ನನ್ನೂ ಜೊತೆಗೇ ನೋಡಿಕೊಂಡೆ. ಸರಿಯಿತ್ತು. 6.2 ನನ್ನದೇ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಷುಗರ್ ಇರುವವರು 10 ಕೋಟಿ 10 ಲಕ್ಷ, ಈ ಬಾರ್ಡರ್‌ಲೈನಿನಲ್ಲಿ ಇರುವವರು 13 ಕೋಟಿ 60 ಲಕ್ಷ. ಬಾರ್ಡರ್‌ಲೈನ್ ಅಂದರೆ ಏನೂ ಇಲ್ಲ ಅಂತ ತಿಳಿದು ಹೋಗುವವರ ಬೆನ್ನು ನೋಡುತ್ತಾ ನನಗೆ ಕೂಗಿ ಕರೆಯಬೇಕು ಅನ್ನಿಸುತ್ತದೆ, ಯಾಕೆಂದರೆ ತಿರುಗಿ ಬರಲು ದಾರಿ ಇರುವುದು ಅಲ್ಲೇ. ಚೆನ್ನೈನ ಡಾಕ್ಟರ್ ರಾಮಚಂದ್ರನ್ ಅವರ ತಂಡ ಇಂಥ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸುಮ್ಮನೆ ಸಲಹೆ ಕೇಳಿ ಹೋದವರಲ್ಲಿ ನೂರಕ್ಕೆ 55 ಜನಕ್ಕೆ ಷುಗರ್ ಬಂತು. ನಡಿಗೆ, ಊಟದ ಬದಲಾವಣೆ ಹಿಡಿದು ಮಾಡಿದವರಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ನಮ್ಮಂಥದೇ ಮೈಯವರು, ಅನ್ನ ಸಾರು ಉಣ್ಣುವವರು. ನೂರರಲ್ಲಿ ಹದಿನಾರು ಜನ. ಆ ಹದಿನಾರರಲ್ಲಿ ಒಬ್ಬಳಾಗಬೇಕು ಅಂತ ನಾನು ಶುರು ಮಾಡಿದೆ.

ಬೆಳಿಗ್ಗೆ ಐದಕ್ಕೆ ಎದ್ದು ಕೆರೆ ಏರಿಯ ಮೇಲೆ ನಲವತ್ತು ನಿಮಿಷ, ಮಾತಾಡಬಹುದು ಹಾಡಲಾಗದು ಅನ್ನುವಷ್ಟು ಬಿರುಸು. ವಾರಕ್ಕೆ ಮೂರು ದಿನ ಎರಡು ಲೀಟರಿನ ನೀರಿನ ಬಾಟಲಿ ಹಿಡಿದು ಕೂತು ಏಳುವುದು, ಎತ್ತುವುದು. ಮಾಂಸಖಂಡ ಬೆಳೆಸದೆ ಬರೀ ನಡೆದರೆ ನಮ್ಮಂಥವರಿಗೆ ಸಾಲದು. ಬೆಳಗಿನ ತಿಂಡಿಯೇ ನನಗೆ ಕಷ್ಟವಾದದ್ದು. ನಮ್ಮ ಇಡ್ಲಿ, ಚಿತ್ರಾನ್ನ, ಉಪ್ಪಿಟ್ಟು, ತಟ್ಟೆ ತುಂಬ ಪಿಷ್ಟ. ಈಗ ಹೆಸರುಕಾಳಿನ ದೋಸೆ, ಮೊಟ್ಟೆ, ಹುರುಳಿಕಾಳಿನ ಉಸಲಿ, ಅವರೆಕಾಯಿ ಕಾಲದಲ್ಲಿ ಅವರೆಕಾಳು. ಕಾಫಿಗೆ ಸಕ್ಕರೆ ಬಿಟ್ಟೆ, ಬೆಲ್ಲವನ್ನೂ ಬಿಟ್ಟೆ, ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ರಾತ್ರಿ ಹನ್ನೊಂದರ ಧಾರಾವಾಹಿ ಬಿಟ್ಟು ಹತ್ತಕ್ಕೆ ಮಲಗಿದೆ. ನಿದ್ದೆಗೆಟ್ಟರೆ ಮಾರನೆಯ ದಿನದ ಫಾಸ್ಟಿಂಗ್ ಏರುವುದನ್ನು ನನ್ನ ಬೆರಳಲ್ಲೇ ಅಳೆದಿದ್ದೇನೆ. ಒಂದು ವರ್ಷಕ್ಕೆ ಐದು ಕೇಜಿ ಇಳಿದೆ. ಎಚ್‌ಬಿಎ1ಸಿ 5.8. ಎಂಟು ವರ್ಷವಾಯಿತು, ಅದು 5.8ಕ್ಕೂ 6ಕ್ಕೂ ನಡುವೆ ಓಡಾಡಿಕೊಂಡಿದೆ, 6.5 ಮುಟ್ಟಿಲ್ಲ.

ಈ ಮೂರಲ್ಲದೆ ಇನ್ನೂ ಇವೆ, ಕಡಿಮೆ ಜನಕ್ಕೆ ಬರುವಂಥವು. ಒಮ್ಮೆ ಇಪ್ಪತ್ತಾರರ ಕೂಲಿಯ ಹುಡುಗ ಬಂದಿದ್ದ, ಕಡ್ಡಿಯ ಹಾಗಿದ್ದ. ಚಿಕ್ಕಂದಿನಿಂದ ಬಿಟ್ಟು ಬಿಟ್ಟು ಹೊಟ್ಟೆನೋವು, ಷುಗರ್ 340. ಎಕ್ಸ್‌ರೇಯಲ್ಲಿ ಮೇದೋಜ್ಜೀರಕದ ಜಾಗದಲ್ಲಿ ಕಲ್ಲುಗಳ ಸಾಲು. ಕೇರಳ ಮತ್ತು ದಕ್ಷಿಣ ಭಾರತದಲ್ಲಿ ಬಹಳ ಹಿಂದಿನಿಂದ ಕಂಡ ಕಾಯಿಲೆ ಇದು. ಮೊದಲು ಮರಗೆಣಸನ್ನು ದೂರಿದರು, ಈಚೆಗೆ ಜೀನುಗಳ ಪಾತ್ರ ಗೊತ್ತಾಗಿದೆ. ಇನ್ನು ಹಸಿವಿನ ಷುಗರ್. ಬೆಳೆಯುವ ವಯಸ್ಸಿನಲ್ಲಿ ಹೊಟ್ಟೆಗಿಲ್ಲದೆ ಗ್ರಂಥಿಯೇ ಸರಿಯಾಗಿ ಬೆಳೆಯದೆ ಬರುವಂಥದ್ದು. 1955ರಲ್ಲೇ ಜಮೈಕಾದಲ್ಲಿ ಇದನ್ನು ಗುರುತಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ 1999ರಲ್ಲಿ ತೆಗೆದುಹಾಕಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಡಾಕ್ಟರುಗಳು ಬಿಡದೆ ದುಡಿದ ಮೇಲೆ 2025ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು ಟೈಪ್ 5 ಅಂತ ಒಪ್ಪಿತು. ಇದಕ್ಕೆ ತಡೆ ಒಂದೇ, ಮಕ್ಕಳ ತಟ್ಟೆಯಲ್ಲಿ ಅನ್ನದ ಜೊತೆ ಬೇಳೆ, ಮೊಟ್ಟೆ, ಹಾಲು. ತೆಳ್ಳಗಿನ ಬಡವನಿಗೆ ಟೈಪ್ 2ರ ಪಥ್ಯ ಹೇಳಿ ಇನ್ನಷ್ಟು ಉಪವಾಸ ಕೆಡವುವುದನ್ನು ನೆನೆದರೆ ಕರುಳು ಕಿವುಚುತ್ತದೆ.

ಸ್ಟೀರಾಯ್ಡಿನಿಂದ ಬರುವ ಷುಗರನ್ನು 2021ರ ಮೇ ತಿಂಗಳಲ್ಲಿ ಕಣ್ಣಾರೆ ಕಂಡೆವು. ಕೋವಿಡ್ಡಿಗೆ ಸ್ಟೀರಾಯ್ಡ್ ಜೀವ ಉಳಿಸಿತು, ಜೊತೆಗೆ ಎಂದೂ ಷುಗರ್ ಇಲ್ಲದವರ ರಿಪೋರ್ಟೂ 400 ತೋರಿಸಿತು, ಕೆಲವರಿಗೆ ಕಪ್ಪು ಶಿಲೀಂಧ್ರ ಹತ್ತಿತು. ಮಂಡಿನೋವಿಗೆ ಹೆಸರಿಲ್ಲದ ಪುಡಿ ನುಂಗುವವರಿಗೆ ಇದನ್ನೇ ಹೇಳುತ್ತೇನೆ, ಅದರಲ್ಲಿ ಏನು ಬೆರೆಸಿದ್ದಾರೋ ಯಾರಿಗೆ ಗೊತ್ತು. ಮತ್ತೆ, ಮೂರು ತಲೆಮಾರಿಗೂ ಇಪ್ಪತ್ತೈದರೊಳಗೇ ಷುಗರ್ ಬರುವ ಮನೆಗಳಿವೆ. ಒಂದೇ ಜೀನಿನ ದೋಷ ಅದು, ಅದರಲ್ಲಿ ಕೆಲವು ಬಗೆಗೆ ಸಣ್ಣ ಮಾತ್ರೆಯೇ ಸಾಕಾಗುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಷುಗರ್ ಬಂದರೆ ಜೀನ್ ಪರೀಕ್ಷೆ ಮಾಡಿಸಲೇಬೇಕು, ಎಷ್ಟೋ ಕೂಸುಗಳು ಸೂಜಿಯಿಂದ ಮಾತ್ರೆಗೆ ಬದಲಾಗಿವೆ. ಆಯುರ್ವೇದದ ಸುಶ್ರುತನೇ ಹುಟ್ಟಿನಿಂದ ಬಂದ 'ಸಹಜ', ಆಹಾರ ವಿಹಾರದ ತಪ್ಪಿನಿಂದ ಬಂದ 'ಅಪಥ್ಯನಿಮಿತ್ತ' ಅಂತ ಪ್ರಮೇಹದಲ್ಲಿ, ಅಂದರೆ ಷುಗರೂ ಸೇರಿದ ಮೂತ್ರದ ಕಾಯಿಲೆಗಳಲ್ಲಿ, ಎರಡು ಬಗೆ ಹೇಳಿದ್ದ. ಅಷ್ಟು ಹಳೆಯ ಕಾಲದಲ್ಲಿ ಕೇಳಿದ ಪ್ರಶ್ನೆಯನ್ನು ಇವತ್ತು ನಾವು ಕೇಳದೆ ಬಿಡುತ್ತಿದ್ದೇವೆ. ರಿಪೋರ್ಟು ಹಿಡಿದು ಹೋದಾಗ ಡಾಕ್ಟರನ್ನು ಕೇಳಿ: ಇದು ಯಾವ ಷುಗರ್? ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಉಚಿತ, ದುಡ್ಡು ಕೊಟ್ಟು ನಮ್ಮ ಲ್ಯಾಬಿಗೇ ಬರಬೇಕಿಲ್ಲ.

ಮಗಳಿಗೆ ಈಗ ಹದಿನಾರು. ಪ್ರತಿ ವರ್ಷ ಅವಳ ಹುಟ್ಟುಹಬ್ಬದ ವಾರ ರಕ್ತ ತೆಗೆಯುತ್ತೇನೆ. ಯಾಕಮ್ಮ ನಂಗೆ ಮಾತ್ರ, ಅಣ್ಣನಿಗೆ ಯಾಕಿಲ್ಲ ಅಂತ ಮೊದಲೆಲ್ಲ ಅಳುತ್ತಿದ್ದಳು. ಹೋದ ವರ್ಷ ಎಲ್ಲವನ್ನೂ ಬಿಡಿಸಿ ಹೇಳಿದೆ, ನನ್ನ 162ರಿಂದ ಹಿಡಿದು. ಸುಮ್ಮನೆ ಕೇಳಿಸಿಕೊಂಡಳು. ಈ ಸಲ ಭಾನುವಾರ ತಾನೇ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು. ಗುಲಾಬಿ ಏರುವವರೆಗೆ ಪಕ್ಕದಲ್ಲೇ ನಿಂತು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದಳು. ತೆಳು ಬಣ್ಣ. ಫಾಸ್ಟಿಂಗ್ 91. ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ತಾನೇ ಬರೆದಳು. ಆಮೇಲೆ ಅಜ್ಜಿಯ ಬೂದು ಟ್ಯೂಬಿನ ಮೇಲೂ ಹೆಸರು ಬರೆದು ಸ್ಟ್ಯಾಂಡಿಗೆ ಇಟ್ಟಳು. ಹೊರಗೆ ಮೆಟ್ಟಿಲ ಮೇಲೆ ಇನ್ನೂ ಮೂವರು ಕಾಯುತ್ತಿದ್ದರು.